ಎಳೆಬಿಸಿಲು ತಂಡದ ಐದನೆಯ ದನಿ

ಫ್ರೀಮಾಂಟ್
12 ಅಕ್ಟೋಬರ್ 2025

ಪ್ರೀತಿಯ ಅಮ್ಮನಿಗೆ,

ಮೈಥಿಲಿಯ ನಮಸ್ಕಾರಗಳು. ನಿನ್ನ ಮಂಡಿನೋವು ಈಗ ಹೇಗಿದೆ? ಕಾಗದ ಬರೆಯುತ್ತೇನೆ ಎಂದು ಹೇಳಿ ಇಷ್ಟು ದಿನ ಸುಮ್ಮನಿದ್ದೆ, ಕ್ಷಮಿಸು. ಕೋಪ ಆರಲಿ ಎಂದು ಕಾದೆ. ಆರಲಿಲ್ಲ. ಫೋನಿನಲ್ಲಿ ಈ ಮಾತೆತ್ತಿದರೆ ನೀನು ಊಟ ಆಯ್ತಾ ಎಂದು ಕೇಳುತ್ತೀಯ. ಅದಕ್ಕೇ ಈ ಕಾಗದ. ಇಂಗ್ಲಿಷ್ ಮೀಡಿಯಮ್ಮಿನವಳ ಒತ್ತಕ್ಷರಗಳನ್ನು ತಿದ್ದಿಕೊಂಡು ಓದು.

ಸುಧನ್ವ ನಮ್ಮ ಹಳೆಯ ಕ್ಯಾಸೆಟ್ಟಿನ ಹಾಡುಗಳನ್ನು ಇಂಟರ್‌ನೆಟ್ಟಿಗೆ ಹಾಕಿದ್ದು ನಿನಗೆ ಗೊತ್ತು. ಹಲವು ದನಿ ಸೇರಿದ ಇಂಥ ಖುಷಿಯ ಹಾಡುಗಳಿಗೆ ಇಲ್ಲಿ ಸನ್‌ಶೈನ್ ಪಾಪ್ ಎನ್ನುತ್ತಾರೆ. ಕನ್ನಡದ ಒಂದಕ್ಷರ ತಿಳಿಯದವರೂ ನಮ್ಮ 'ಎಳೆಬಿಸಿಲು' ತಂಡಕ್ಕೆ ಮರುಳಾಗಿದ್ದಾರೆ. ಮುಂದಿನ ತಿಂಗಳು ಬರ್ಕ್ಲಿಯಲ್ಲಿ ಕಾರ್ಯಕ್ರಮ. ಪೋಸ್ಟರು ಬಂದಿದೆ. ಅದರಲ್ಲಿ ಆಗಿನ ಫೋಟೋ: ಹಳದಿ ಬಟ್ಟೆಯಲ್ಲಿ ಅಪ್ಪ, ಮಕ್ಕಳಾದ ನಾನು, ಸುಧನ್ವ, ಪ್ರಭಾ. ಕೆಳಗೆ 'ಮೈಸೂರಿನ ಸಂತೋಷದ ಕುಟುಂಬ' ಎಂದಿದೆ. ನೀನಿಲ್ಲ. ನಾಲ್ಕು ಜನರ ಬಾಯಿಂದ ಐದು ದನಿ ಹೇಗೆ ಬಂತು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ.

ನಿನ್ನ ಗಲ್ಲದ ಮೇಲೆ ತೊನ್ನು ಕಾಣಿಸಿಕೊಂಡ ವರ್ಷ ಅಪ್ಪ ನಿನ್ನ ಮೈಕನ್ನು ಪರದೆಯ ಹಿಂದಕ್ಕೆ ಒಯ್ದರು. ಅಂಟುವ ರೋಗವಲ್ಲ ಎಂದು ಡಾಕ್ಟರು ಹೇಳಿದ್ದರು. "ಹೆಣ್ಣುಮಕ್ಕಳ ಮದುವೆ ಆಗಬೇಕಲ್ಲ" ಎಂದರು ಅಪ್ಪ. ನೀನು ನಮಗೆಲ್ಲ ತಲೆ ಬಾಚಿ, ಹಳದಿ ರಿಬ್ಬನ್ ಕಟ್ಟಿ, ನೀನೂ ಹಳದಿ ಸೀರೆ ಉಟ್ಟು ಪರದೆಯ ಹಿಂದೆ ನಿಲ್ಲುತ್ತಿದ್ದೆ. ಯಾರು ನೋಡಲೆಂದು ಉಡುತ್ತಿದ್ದೆ?

ಪ್ಲೆಸೆಂಟನ್‌ಗೆ, ಸುಧನ್ವನ ಮನೆಗೆ ಹೋಗಿ, ಅಮ್ಮನ ಹೆಸರು, ಫೋಟೋ ಎರಡೂ ಹಾಕು ಎಂದೆ. ಡಿಸೈನು ಮುಗಿದಿದೆ ಎಂದ. ತೀರಿಕೊಂಡ ಅಪ್ಪನ ಹೆಸರು ಕೆಡಿಸಬಾರದು ಎಂದ. ಆಮೇಲೆ, "ಅಕ್ಕ, ಜನ ಎರಡು ಗಂಟೆ ಖುಷಿಯಾಗಿರೋಕೆ ಟಿಕೆಟ್ ತಗೊಂಡಿದಾರೆ. ನೀನು ಬಂದು ತೊನ್ನಿನ ಕಥೆ ಹೇಳ್ತೀಯಾ? ಅಮ್ಮಂಗೇ ಇಲ್ದಿರೋ ಪ್ರಾಬ್ಲಮ್ಮು ನಿಂಗೇನು?" ಎಂದ.

ಆ ಕೊನೆಯ ಮಾತನ್ನು ಅವನ ಬಾಯಿಗೆ ಕೊಟ್ಟವಳು ಒಮ್ಮೆಯೂ ದೂರದ ನೀನೇ. ಅದಕ್ಕೇ ನಿನ್ನ ಮೇಲೂ ಕೋಪ.

ನಾನು ನ್ಯಾಯವಾಗಿ ಯೋಚಿಸುತ್ತಿದ್ದೇನೆಯೇ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಏಕೆಂದರೆ ಆಫೀಸಿಗೆ ಹೋಗುವಾಗ ಫ್ರೀವೇಯಲ್ಲಿ ಅವೇ ಹಾಡುಗಳನ್ನು ಹಾಕಿಕೊಳ್ಳುತ್ತೇನೆ. ಪಲ್ಲವಿ ಎರಡನೇ ಸಲ ಬಂದಾಗ ನಮ್ಮ ನಾಲ್ವರ ಮೇಲೆ ನಿನ್ನ ದನಿ ಏರುತ್ತದೆ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ನಾನು ನಗುತ್ತೇನೆ. ಜನ ಮರುಳಾಗುವುದೂ ಅಲ್ಲೇ ಇರಬೇಕು. ಒಂದು ಮನೆಯವರೆಲ್ಲ ಒಟ್ಟಿಗೆ ಉಸಿರೆಳೆದುಕೊಳ್ಳುವುದು ಅದರಲ್ಲಿ ಕೇಳಿಸುತ್ತದೆ. ಅದು ಸುಳ್ಳಲ್ಲ, ಅಮ್ಮ. ನಾವು ನಿಜಕ್ಕೂ ಹಾಗೆ ಹಾಡುತ್ತಿದ್ದೆವು. ಸುಳ್ಳಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ನಿನ್ನ ಹೆಸರಿಲ್ಲದೆ ನಾನು ಹಾಡುವುದಿಲ್ಲ ಎಂದು ಹೇಳಿಬಿಟ್ಟಿದ್ದೇನೆ. ನಿನ್ನ ಭಾಗವನ್ನು ಹಾಡಲು ಅವನು ನನ್ನ ಮಗಳನ್ನು ಒಪ್ಪಿಸಿದ್ದಾನೆ. ಶರಣ್ಯಾ ಕನ್ನಡದ ಸಾಲುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ದಿನವೂ ಅಭ್ಯಾಸ ಮಾಡುತ್ತಾಳೆ. ನನ್ನ ಜಗಳಕ್ಕಾಗಿ ಅವಳನ್ನು ತಡೆಯಲು ಮನಸ್ಸು ಬರಲಿಲ್ಲ.

ಮಾತ್ರೆ ತಪ್ಪಿಸಬೇಡ. ಪ್ರಭಾಳ ಮೇಲೆ ರೇಗಬೇಡ, ಅಲ್ಲಿ ನಿನ್ನನ್ನು ನೋಡಿಕೊಳ್ಳುವವಳು ಅವಳೇ. ಇಷ್ಟು ಬೈದವಳಿಗೂ ನಿನ್ನ ಆಶೀರ್ವಾದವಿರಲಿ.

ನಿನ್ನ
ಮೈಥಿಲಿ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ಬೇಸಿಗೆಯಿಂದ ಶರಣ್ಯಾಳ ತುಟಿಯ ಪಕ್ಕ, ಬೆರಳಿನ ಗೆಣ್ಣುಗಳ ಮೇಲೆ ಬಿಳಿ ಕಲೆ ಕಾಣಿಸುತ್ತಿದೆ. ಅದೇ ಎಂದರು ಡಾಕ್ಟರು. ನಿನ್ನೆ ರಿಹರ್ಸಲ್ಲಿನಲ್ಲಿ ಸುಧನ್ವ ಅವಳ ಮೈಕನ್ನು ಪರದೆಯ ಹಿಂದೆ ಇಟ್ಟ. ಕ್ಯಾಸೆಟ್ಟಿನಲ್ಲಿದ್ದ ಹಾಗೇ ಕೇಳಿಸುತ್ತದೆ ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ, "ಇಟ್ಸ್ ಓಕೆ, ಅಮ್ಮ. ಅಜ್ಜಿ ಲೈಕ್ಡ್ ಇಟ್ ದೇರ್. ಶಿ ಟೋಲ್ಡ್ ಮಿ" ಎಂದಳು.

ಈ ಕಾಗದ ಸಿಕ್ಕ ದಿನವೇ ಅವಳಿಗೆ ಫೋನ್ ಮಾಡಿ ನಿಜ ಹೇಳು. ನಾನು ಹೇಳಿದರೂ ಅವಳು ನಂಬುತ್ತಿಲ್ಲ.