ವಾಕಿಟಾಕಿಗೆ ಹಚ್ಚಿದ ವಿಭೂತಿ

ರಾಮಮೂರ್ತಿ ನಗರ
೯-೧೧-೨೦೦೪

ತಂಗಿ ಮಾನಮ್ಮನಿಗೆ ಅಣ್ಣ ಮಾಡುವ ಆಶೀರ್ವಾದಗಳು.

ನಿನ್ನ ಮಗ ಶರಣಬಸವ ಸಾಮಾನಿನ ಲಿಫ್ಟಿಗೆ ಸಿಕ್ಕು ತೀರಿಹೋದ ದಿನ, ಅದನ್ನು ನಿಲ್ಲಿಸೆಂದು ಕೆಳಗೆ ಲಿಫ್ಟ್ ನಡೆಸುವವನಿಗೆ ಅವನು ಹೇಳಲೇ ಇಲ್ಲ ಎಂದು ಇಲ್ಲಿ ಕಟ್ಟಡದ ಕೆಲಸದವರೆಲ್ಲರೂ ಅನ್ನುತ್ತಾರೆ. ನಂಬಬೇಡ. ಮೇಲಿನಿಂದ ಅವನು ಮಾತಾಡುತ್ತಿದ್ದ, ಶಿವಾಜಿನಗರದಲ್ಲಿ ಕೊಂಡ ಹಳೆಯ ವಾಕಿಟಾಕಿಯನ್ನು ನಾನೇ ಬಿಚ್ಚಿ ನೋಡಿದೆ. ಮಾತಾಡುವ ಸಣ್ಣ ತೂತಿನಲ್ಲಿ ವಿಭೂತಿ ಒಣಗಿ ಗಟ್ಟಿಯಾಗಿ ಕೂತಿತ್ತು. ಆಯುಧಪೂಜೆಗೆಂದು ನೀನು ಕಳಿಸಿದ್ದು. ನೀರಲ್ಲಿ ಕಲಸಿ ಆ ಸೆಟ್ಟಿನ ಮೇಲೆ ಮೂರು ಪಟ್ಟೆ ಎಳೆದವನು ನಾನು.

ಪೂಜೆಯ ಮಾರನೆಯ ದಿನವೇ ಅವನು, "ಮಾಮಾ, ನನ್ನ ದನಿ ಕೆಳಗ ಕೇಳಸವಲ್ದಂತ" ಅಂದಿದ್ದ. "ಹಳೇ ಸೆಟ್ ಅದ, ಗಟ್ಟಿ ಒದರೋ" ಅಂದು ನಕ್ಕಿದ್ದೆ.

ಸೂಜಿಯಿಂದ ಕೆದಕಿ ತೆಗೆದಿದ್ದೇನೆ. ನಿನ್ನೆ ಐದನೇ ಮಹಡಿಯಿಂದ ಅದೇ ಸೆಟ್ಟಿನಲ್ಲಿ ಮೆಲ್ಲಗೆ "ನಿಲ್ಸು" ಅಂದೆ. ಲಿಫ್ಟ್ ನಿಂತಿತು.

ಊಟ ಬಿಡಬೇಡ. ಮುಂದಿನ ಹಬ್ಬಕ್ಕೆ ವಿಭೂತಿ ಕಳಿಸಬೇಡ.

ನಿನ್ನ ಅಣ್ಣ,
ಅಮೃತಪ್ಪ