ಶಿಲ್ಲಾಂಗಿನ ಮೂರು ಕಾಗದಗಳು

ಬಾವಲಿ
೯ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಮಗಳು ಅಮೃತಾಗೆ ನಿನ್ನ ಅಮ್ಮ ಮಾಡುವ ಆಶೀರ್ವಾದಗಳು.

ಹೇಗಿದ್ದೀಯ ತಾಯಿ? ಆಸ್ಪತ್ರೆಯಲ್ಲಿ ದಿನವಿಡೀ ನಿಂತು ಕಾಲು ಬಾತುಕೊಳ್ಳುತ್ತದೆ ಎಂದಿದ್ದೆಯಲ್ಲ, ಕಡಿಮೆಯಾಯಿತಾ? ಮಸ್ಕತ್‌ನಲ್ಲಿ ಈಗ ಚಳಿಯೋ ಬಿಸಿಲೋ ನನಗೆ ತಿಳಿಯದು. ನನ್ನ ಮೊಮ್ಮಗ ತೇಜಸ್ ಸರಿಯಾಗಿ ಊಟ ಮಾಡುತ್ತಾನಾ? ನಾನು ಇದ್ದೇನೆ. ಮಂಡಿ ನೋವು ಇದ್ದ ಹಾಗೇ ಇದೆ. ಫೋನ್ ಮಾಡಬಹುದಿತ್ತು, ಆದರೆ ಕಾಡಿನ ಅಂಚಿನಲ್ಲಿ ರೇಂಜ್ ನಿಲ್ಲುವುದಿಲ್ಲ. ನಿಮ್ಮಪ್ಪ ಹೋದ ದಿನ ನೀನು ಅಳುತ್ತಾ "ಅಮ್ಮಾ, ನಿಂಗೊಂದ್ ಮಾತ್ ಹೇಳ್ಬೇಕು" ಅಂದೆ, ಅಷ್ಟರಲ್ಲಿ ಕಟ್ಟಾಯಿತು. ಆಮೇಲೆ ಎಷ್ಟು ಸಲ ಮಾತಾಡಿದರೂ ಆ ಮಾತನ್ನು ನೀನು ಎತ್ತಲಿಲ್ಲ. ಅದಕ್ಕೇ ಈ ಕಾಗದ. ನಾನು ಹೇಳುತ್ತಾ ಹೋಗುತ್ತೇನೆ, ಸಜಿತ ಬರೆಯುತ್ತಾ ಹೋಗುತ್ತಾಳೆ. ಗೊತ್ತಲ್ಲ, ಹಾಡಿಯ ಸಜಿತ, ಫಾರೆಸ್ಟಿನ ಕೂಲಿಗೆ ಹೋಗುವವಳು, ನಿಮ್ಮಪ್ಪನ ಹತ್ತಿರ ಕನ್ನಡ ಓದು ಬರಹ ಕಲಿತವಳು. ನನ್ನ ಮಾತನ್ನು ತಿದ್ದಿ ಚೆಂದ ಮಾಡಿಯೇ ಬರೆಯುತ್ತಾಳೆ, ಥೇಟ್ ನಿಮ್ಮಪ್ಪನ ಬುದ್ಧಿ.

ಅವರು ಹೋಗಿ ನಲವತ್ತು ದಿನವಾಯಿತು. ನಿನಗೆ ರಜೆ ಸಿಗಲಿಲ್ಲ ಎಂದು ಕೊರಗಬೇಡ. ಪಕ್ಕದಲ್ಲೇ ಇದ್ದ ನನಗೂ ಅಳು ಬರಲಿಲ್ಲ. ಪೋರ್ಟ್‌ಬ್ಲೇರಿನಲ್ಲಿ ಅವರ ಹತ್ತಿರ ಓದಿದ ಸನೀಶ್ ಎಂಬಾತ, ಈಗ ತಲೆ ನರೆತಿದೆ, ಕಲ್ಪೆಟ್ಟದಲ್ಲಿ ಬಸ್ಸಿಳಿದು ಜೀಪು ಹಿಡಿದು ಬಂದು ಅವರನ್ನು ಮಣ್ಣು ಮಾಡಿದ ಗುಡ್ಡೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತ. ನಾನು ಅವನಿಗೆ ಕಾಫಿ ಕೊಟ್ಟು ಲೋಟ ತೊಳೆದಿಟ್ಟೆ.

ಅವನು ಹೇಳಿದ ಮನುಷ್ಯನನ್ನು ನಾನು ನೋಡಿಯೇ ಇಲ್ಲ ಕಣೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ ಕಲಿತ ಬಾವಲಿಯ ಹುಡುಗ ಕೇಂದ್ರ ಸರ್ಕಾರದ ಶಾಲೆಯ ಹಿಂದಿ ಮೇಷ್ಟ್ರಾಗಿ ಶಿಲ್ಲಾಂಗ್, ಪೋರ್ಟ್‌ಬ್ಲೇರ್, ಜೈಸಲ್ಮೇರ್, ಕಡೆಗೆ ಕಠ್ಮಂಡು ಅಂತ ಸುತ್ತಿದರಲ್ಲ, ಹೋದ ಊರಿನಲ್ಲೆಲ್ಲ ಒಂದು ವಾರದೊಳಗೆ ಕ್ಷೌರದವನ ಹತ್ತಿರ ಹರಟುವಷ್ಟು ಆ ಊರ ಮಾತು ಕಲಿತುಬಿಡುತ್ತಿದ್ದರಂತೆ. ಕ್ಲಾಸಿನಲ್ಲಿ ಸಂತೆಯ ತರಕಾರಿಯವಳಾಗಿ, ಬಸ್ಸಿನ ಕಂಡಕ್ಟರಾಗಿ ಆಟ ಆಡಿಸಿ ಹಿಂದಿ ಮಾತಾಡಿಸುತ್ತಿದ್ದರಂತೆ. ಮನೆಗೆ ರಜೆಗೆ ಬಂದರೆ ಜಗುಲಿಯಲ್ಲಿ ಪೇಪರ್ ಹಿಡಿದು ಕೂತವರು ಸಾರಿಗೆ ಉಪ್ಪಿಲ್ಲ ಎನ್ನುವುದಕ್ಕೂ ಬಾಯಿ ಬಿಡುತ್ತಿರಲಿಲ್ಲ. ಆರು ಭಾಷೆ ಬಲ್ಲವರಿಗೆ ನನ್ನ ಹತ್ತಿರ ಆಡಲು ಒಂದು ಮಾತಿಲ್ಲ. ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೇನೆಂದು ಒಂದು ಸಲವಾದರೂ ಅನ್ನಲಿಲ್ಲವಲ್ಲ ಎಂಬ ಸಿಟ್ಟು ನನ್ನ ಹೊಟ್ಟೆಯಲ್ಲಿ ಕೂತುಬಿಟ್ಟಿತ್ತು. ರಿಟೈರಾಗಿ ಬಂದ ವರ್ಷ ಸ್ಲೇಟು ತಂದು "ಗೌರಿ, ಅಕ್ಷರ ಕಲಿಯೇ" ಅಂದರು. ಊರೂರಿಗೆ ಬಡಿಸಿ ತಳದಲ್ಲಿ ಉಳಿದದ್ದು ನನಗೆ ಬೇಡ ಎಂದು ಸ್ಲೇಟನ್ನು ಹಾಲಿನ ಪಾತ್ರೆಗೆ ಮುಚ್ಚಿಟ್ಟೆ. ಅವರು ನಕ್ಕು ಹಾಡಿಯವರಿಗೆ ಕಲಿಸಲು ಹೋದರು. ಸಜಿತ ಕಲಿತಳು.

ಮೂರನೇ ದಿನ ಹಾಲುತುಪ್ಪ ಬಿಡಲು ಹೋದಾಗ, ಗುಡ್ಡೆಯ ಮೇಲೆ ಅವರಿಗೆ ಇಷ್ಟವಾದದ್ದನ್ನು ಎಡೆ ಇಡಬೇಕಲ್ಲ, ಪಕ್ಕದ ಮನೆಯ ಮಲಯಾಳಿ ವೇಲಾಯುಧನ್ ಕೇಳಿದ, "ಚೇಚಿ, ಮಾಷಿಗೆ ಏನ್ ಇಷ್ಟ? ಹೇಳಿ, ತಂದ್ ಇಡೋಣ." ಎಲ್ಲರೂ ನನ್ನ ಮುಖ ನೋಡಿದರು. ನಲವತ್ತೇಳು ವರ್ಷ ಸಂಸಾರ ಮಾಡಿದ ಹೆಂಡತಿ, ನನಗೆ ಗೊತ್ತಿರಲಿಲ್ಲ. ರಾಗಿಮುದ್ದೆ, ಅವರೆಕಾಳು ಸಾರು ಎಂದುಬಿಟ್ಟೆ. ಕಾಗೆಗಳು ಮರದಲ್ಲೇ ಇದ್ದವು, ಒಂದೂ ಇಳಿಯಲಿಲ್ಲ. ಏನೋ ಆಸೆ ಉಳಿದಿದೆ ಎಂದು ಜನ ಪಿಸುಗುಟ್ಟಿದರು. ನಾವು ಬಿಸಿಲೇರುವ ತನಕ ಕಾದು ಮನೆಗೆ ಬಂದೆವು.

ಹನ್ನೊಂದನೇ ದಿನಕ್ಕಾದರೂ ಸರಿಯಾದ ಎಡೆ ಇಡೋಣ ಎಂದು ಟ್ರಂಕಿನಿಂದ ಅವರ ಹಳೆಯ ಕಾಗದಗಳನ್ನು ತೆಗೆದೆ. ಏನು ತಿನ್ನುತ್ತಿದ್ದರೆಂದು ಬರೆದಿರುತ್ತಾರಲ್ಲ. ನಿನಗೆ ನೆನಪಿರಬೇಕು, ಪೋಸ್ಟ್‌ಮ್ಯಾನ್ ಬಂದರೆ ನೀನೇ ಓಡಿಹೋಗಿ ಇಸಿದುಕೊಂಡು, ಫ್ರಾಕಿನ ಅಂಚನ್ನು ಕಾಲಡಿಗೆ ಸಿಕ್ಕಿಸಿ ಕೂತು ಓದಿ ಹೇಳುತ್ತಿದ್ದೆ. ನಾನು ಹೇಳಿದ್ದನ್ನು ಬರೆಯುತ್ತಿದ್ದವಳೂ ನೀನೇ. ನಿನ್ನ ಬಾಯಿಂದ ಬಂದದ್ದೇ ನನಗೆ ನಿಮ್ಮಪ್ಪನ ಮಾತು. ಈಗ ಸಜಿತ ಓದಿದಳು. ಎಲ್ಲೂ ಇಂಥದ್ದು ಇಷ್ಟ ಎಂದು ಬರೆದಿಲ್ಲ. ಮೆಸ್ಸಿನವರು ಹಾಕಿದರು, ನಾನು ತಿಂದೆ ಎಂದಷ್ಟೇ ಇದೆ. ಶಿಲ್ಲಾಂಗಿನ ಮೊದಲ ಕಾಗದದಲ್ಲಿ ಮಾತ್ರ, ಭಾನುವಾರ ಮೆಸ್ ಇಲ್ಲ, ಅವಲಕ್ಕಿಗೆ ಹಾಲು ಹಾಕಿ ತಿನ್ನುತ್ತೇನೆ ಎಂದಿತ್ತು. ಅದರ ಮುಂದಿನ ಸಾಲಿಗೆ ಬಂದವಳು ನಿಲ್ಲಿಸಿ, "ಅಮ್ಮಾ, ಇದು ಓದ್ಲಾ, ಬೇಡ್ವಾ?" ಎಂದಳು. ಓದು ಎಂದೆ. ಆ ಸಾಲು ಏನೆಂದು ಅವಳ ಕೈಯಲ್ಲಿ ಬರೆಸುವುದಿಲ್ಲ.

ಹನ್ನೊಂದನೇ ದಿನ ಅವಲಕ್ಕಿ ಹಾಲು ಇಟ್ಟೆ. ನೆಂಟರು ಮುಖ ಮುಖ ನೋಡಿಕೊಂಡರು. ಕಾಗೆ ಬಂತು, ತಿಂತು, ಹೋಯಿತು. ಎಲ್ಲರೂ ಕೈಮುಗಿದರು, ನಾನೂ ಮುಗಿದೆ. ಒಳಗೆ ಏನೂ ಆಗಲಿಲ್ಲ. ಮನೆಗೆ ಬಂದು ಅಕ್ಕಿ ಆರಿಸಿದೆ.

ಅಳಿಯಂದಿರಿಗೆ ಕೇಳಿದೆನೆಂದು ಹೇಳು. ತೇಜಸ್‌ನ ಕೆನ್ನೆಗೆ ನನ್ನ ಲೆಕ್ಕದ್ದೊಂದು ಮುತ್ತು ಕೊಡು. ನಿಂತು ನಿಂತು ಕೆಲಸ ಮಾಡಬೇಡ, ನಡುವೆ ಒಂದಿಷ್ಟು ಕೂತುಕೋ. ದೇವರು ನಿಮ್ಮನ್ನೆಲ್ಲ ತಣ್ಣಗೆ ಇಟ್ಟಿರಲಿ.

ನಿನ್ನ ಅಮ್ಮ
ಪುಟ್ಟಗೌರಮ್ಮ

ಇನ್ನೊಂದು: ಇದು ನನ್ನ ಕೈಬರಹ. ಹನ್ನೊಂದನೇ ದಿನ ಕಳೆದ ಮೇಲೆ ಸಜಿತಳ ಹತ್ತಿರ ಅದೇ ಸ್ಲೇಟಿನಲ್ಲಿ ಕಲಿತೆ. ಇಷ್ಟು ಬರೆಯಲು ನಾಲ್ಕು ದಿನ ಹಿಡಿಯಿತು. ಶಿಲ್ಲಾಂಗಿನ ಮೊದಲ ಎರಡು ಕಾಗದದಲ್ಲಿ ಹೀಗಿದೆ. ಎರಡು ಕೋಣೆಯ ಮನೆ ಸಿಕ್ಕಿದೆ ಗೌರಿ, ಮಗಳನ್ನು ಕರೆದುಕೊಂಡು ಬಾ. ಮೂರನೆಯದರಲ್ಲಿ, ಆ ಮಾತಿಗೆ ಉತ್ತರ ಬರಲಿಲ್ಲ, ನಿನಗೆ ಇಷ್ಟವಿಲ್ಲ ಎಂದು ತಿಳಿದೆ, ಇನ್ನು ಕೇಳುವುದಿಲ್ಲ ಎಂದಿದೆ. ಈ ಸಾಲುಗಳನ್ನು ನೀನು ನನಗೆ ಓದಿ ಹೇಳಲಿಲ್ಲ. ಮನೆಯಲ್ಲಿದ್ದ ಅಜ್ಜಿಯನ್ನು ಬಿಟ್ಟು ಹೋಗಲು ನಿನಗೆ ಮನಸ್ಸಿರಲಿಲ್ಲ. ಆಗ ನಿನಗೆ ಹತ್ತು ವರ್ಷ. ಫೋನಿನಲ್ಲಿ ಹೇಳಬೇಕು ಅಂದದ್ದು ಇದೇ ಆದರೆ ಇನ್ನು ಹೇಳಬೇಕಾಗಿಲ್ಲ. ರಜೆ ಸಿಕ್ಕಿದಾಗ ಬಾ. ಸ್ಲೇಟಿನಲ್ಲಿ ನಾನು ಮೊದಲು ಬರೆದದ್ದು "ಬರುತ್ತೇನೆ" ಅಂತ. ಯಾರಿಗೆ ಅಂತ ಸಜಿತ ಕೇಳಲಿಲ್ಲ.