ಸಿಂಹದ ಪಕ್ಕದಲ್ಲಿ ನನ್ನ ದನಿ

ಎಸ್.ಎಸ್. ಪುರಂ, ತುಮಕೂರು
19 ನವೆಂಬರ್ 2025

ಪ್ರೀತಿಯ ಪುಟ್ಟಿ,

ಹೇಗಿದ್ದೀಯಮ್ಮ ಸುಧಾ? ಕಾರವಾರದ ಸೆಕೆ ಈಗಲಾದರೂ ತಗ್ಗಿತೇ? ನಿನ್ನ ಮಂಡಿನೋವು ಹೇಗಿದೆ? ಭಾವನವರು ಬ್ಯಾಂಕಿನಿಂದ ಬಂದು ಇನ್ನೂ ಸಮುದ್ರದ ಕಡೆ ವಾಕಿಂಗ್ ಹೋಗುತ್ತಾರೋ, ಇಲ್ಲಾ ವಾಕಿಂಗ್ ಅಂತ ಹೇಳಿ ಬಜ್ಜಿ ತಿಂದು ಬರುತ್ತಾರೋ? ಇದನ್ನೆಲ್ಲ ಮೊಬೈಲಿನಲ್ಲೇ ಕೇಳಬಹುದಿತ್ತು, ನಿಜ. ಆದರೆ ಅದರಲ್ಲಿ ಬರೆದರೆ ನೀನು ಎರಡು ಸಾಲು ಓದಿ, ಕೈ ಮುಗಿಯುವ ಚಿತ್ರ ಕಳಿಸಿ, ಕುಕ್ಕರ್ ಇಳಿಸಲು ಎದ್ದು ಹೋಗುತ್ತೀಯ. ಫೋನ್ ಮಾಡೋಣವೆಂದರೆ ನಿನ್ನ ಅಣ್ಣನಿಗೆ ದನಿಯೇ ಇಲ್ಲ. ಅದಕ್ಕೇ ಕಾಗದ. ಒಲೆ ಆರಿಸಿ, ಕೂತು, ಪೂರ್ತಿ ಓದು.

ಆಪರೇಷನ್ ಆದ ಜಾಗ ಒಣಗಿದೆ. ಗಂಟಲಿನ ಬುಡದಲ್ಲಿ ಡಾಕ್ಟರು ಮಾಡಿಟ್ಟಿರುವ ತೂತಿನಿಂದಲೇ ಉಸಿರಾಟ. ಅದರ ಮೇಲೆ ಕೌಸಲ್ಯ ತನ್ನ ಹಳೆಯ ಹತ್ತಿ ಸೀರೆ ಕತ್ತರಿಸಿ ಹೊಲಿದ ಬಟ್ಟೆ ಕಟ್ಟಿಕೊಂಡಿರುತ್ತೇನೆ. ನಿನ್ನ ಅತ್ತಿಗೆ ಬೆಳಿಗ್ಗೆ ರಾಗಿ ಗಂಜಿ, ಮಧ್ಯಾಹ್ನ ಮಿದ್ದ ಅನ್ನ, ಸಂಜೆ ಮತ್ತೆ ರಾಗಿ ಗಂಜಿ ಕೊಡುತ್ತಾಳೆ. ಬೇಡ ಅನ್ನಲು ಬಾಯಿಲ್ಲದವನು ಸಿಕ್ಕಿದ್ದಾನೆಂದು ಅವಳಿಗೆ ಒಳಗೊಳಗೇ ಖುಷಿ. ಆಸ್ಪತ್ರೆಯವರು ಮಾತಾಡಲೆಂದು ಒಂದು ಯಂತ್ರ ಕೊಟ್ಟಿದ್ದಾರೆ, ಕತ್ತಿಗೆ ಒತ್ತಿ ಹಿಡಿದು ಬಾಯಾಡಿಸಬೇಕು. ಒಂದು ದಿನ ಧೈರ್ಯ ಮಾಡಿ ನಡುಮನೆಯಲ್ಲಿ ನಿಂತು ಅದನ್ನು ಒತ್ತಿ "ಅಮ್ಮಾ" ಅಂದೆ. ಒಳಗಿನಿಂದ ಅಮ್ಮ, "ಕೌಸಲ್ಯಾ, ಮಿಕ್ಸಿ ಆಫ್ ಮಾಡೇ, ಸುಟ್ಟೋಗ್ತದೆ" ಅಂದಳು. ಅವತ್ತಿನಿಂದ ಯಂತ್ರ ಬೀರುವಿನಲ್ಲಿದೆ.

ಈಗ ಬರೆಯುವುದರಲ್ಲಿ ಅರ್ಧ ನಿನಗೆ ಗೊತ್ತಿರುವುದೇ. ಆದರೂ ಮೊದಲಿಂದ ಬರೆಯದೆ ನನ್ನ ಕೈ ಮುಂದೆ ಹೋಗುವುದಿಲ್ಲ. ಗುಬ್ಬಿಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವನು, ಊರ ನಾಟಕಗಳಲ್ಲಿ ಭೀಮನಾಗಿ ಅಬ್ಬರಿಸುತ್ತಿದ್ದವನು, ಟಿವಿಯ ಸಿಂಹಗಳಿಗೆ ಕನ್ನಡ ದನಿಯಾಗುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ. ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಕಿಟಕಿಯಿಲ್ಲದ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಪರದೆಯ ಮೇಲಿನ ಸಿಂಹ ಓಡಿದರೆ ನಾನೂ ಮಾತಿನಲ್ಲಿ ಓಡಿ, ಅದು ಮಲಗಿದರೆ ನಾನೂ ಮಾತು ನಿಧಾನ ಮಾಡಿ, ಸಂಜೆಯ ರೈಲಿಗೆ ವಾಪಸ್ ಬರುತ್ತಿದ್ದೆ. ಸಿಂಹಿಣಿ ಹುಲ್ಲಿನಲ್ಲಿ ಹೊಂಚು ಹಾಕುವಾಗ ನಾವು ದನಿ ತಗ್ಗಿಸಬೇಕು. ಅದು ಆ ಕೆಲಸದ ರೂಢಿ. ನೋಡುವವರ ಎದೆ ಡವಡವ ಅನ್ನಬೇಕಲ್ಲ. ನನಗೆ ಅದು ಚೆನ್ನಾಗಿ ಬರುತ್ತಿತ್ತು. ಪಿಸುಮಾತಿಗೆ ಗುರುಪ್ರಸಾದ್ ಮೇಷ್ಟ್ರೇ ಬೇಕು ಅಂತ ಸ್ಟುಡಿಯೋದವರು ಹೇಳಿ ಕಳಿಸುತ್ತಿದ್ದರು.

ಅಮ್ಮನಿಗೆ ಅಷ್ಟು ಹೊತ್ತಿಗೆ ಕಣ್ಣು ಪೂರ್ತಿ ಹೋಗಿತ್ತು. ಸಿಂಹವೂ ನಾನೂ ಅವಳಿಗೆ ಒಂದೇ ಕಡೆಯಿಂದ ಕೇಳುತ್ತಿದ್ದೆವು. ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು, ಟಿವಿಯ ಮುಂದೆ ಕೂರುತ್ತಿದ್ದಳು. ಗಂಡು ಸಿಂಹ ದಿನವೆಲ್ಲ ಮಲಗಿ, ಹೆಣ್ಣು ಹಿಡಿದು ತಂದದ್ದಕ್ಕೆ ತಾನೇ ಮೊದಲು ಬಾಯಿ ಹಾಕುತ್ತದೆ ಎಂದು ನಾನು ಹೇಳಿದಾಗಲೆಲ್ಲ, ಥೇಟ್ ನಿಮ್ಮಪ್ಪನೇ ಎಂದು ನಗುತ್ತಿದ್ದಳು. ಪಿಸುಮಾತು ಶುರುವಾದರೆ ಮಾತ್ರ ನಗು ನಿಲ್ಲುತ್ತಿತ್ತು. ಒಂದು ಸಲ ನಾನು ಪಕ್ಕದಲ್ಲೇ ಕೂತಿದ್ದಾಗ ನನ್ನ ತೋಳು ಹಿಡಿದು, "ಅಷ್ಟು ಹತ್ರ ಹೋಗ್ಬೇಡ ಕಣ್ಲಾ. ನೀನು ಮೆಲ್ಲಗೆ ಮಾತಾಡಿದ್ರೂ ಅದಕ್ಕೆ ಕೇಳಿಸ್ತದೆ" ಅಂದಳು. ಬೆಂಗಳೂರಿನ ಕೋಣೆಯ ವಿಷಯ ಬಿಡಿಸಿ ಹೇಳಿದೆ. ಸಿಂಹ ಪಕ್ಕದಲ್ಲಿ ಇಲ್ಲದಿದ್ದರೆ ಮತ್ತೆ ಯಾರಿಗೆ ಹೆದರಿ ಪಿಸುಗುಟ್ಟುತ್ತೀಯ ಎಂದು ಕೇಳಿದಳು. ಅವಳು ಹುತ್ರಿದುರ್ಗದ ಬೆಟ್ಟದ ಕೆಳಗೆ ಬೆಳೆದವಳು. ಕೊಟ್ಟಿಗೆಯ ಕರುವಿನ ಕತ್ತು ಹಿಡಿದು ಚಿರತೆ ಎಳೆದುಕೊಂಡು ಹೋದದ್ದನ್ನು ಹುಡುಗಿಯಾಗಿದ್ದಾಗ ಕಣ್ಣಾರೆ ಕಂಡವಳು. ಅವಳಿಗೆ ಕೋಣೆಯೊಳಗಿನ ಸಿಂಹದ ಮೇಲೆ ನಂಬಿಕೆ ಬರಲೇ ಇಲ್ಲ.

ಆಮೇಲೆ ನನ್ನ ಗಂಟಲಿಗೆ ಈ ರೋಗ ಬಂತು. ಅಪ್ಪ ಹೋದದ್ದೂ ಇದರಿಂದಲೇ ಅಲ್ಲವೇ. ಗುಬ್ಬಿಯ ಮನೆಯಲ್ಲಿ ಅಮ್ಮ ಚಮಚದಲ್ಲಿ ಹಾಲು ಹಾಕುತ್ತಾ ಕೂತಿದ್ದದ್ದು ನಿನಗೂ ನೆನಪಿದೆ. ಅದೇ ರೋಗ ಮಗನಿಗೂ ಅಂಟಿದೆ ಎಂದು ಅವಳಿಗೆ ಹೇಳುವ ಎದೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ನಾನು ಆಸ್ಪತ್ರೆ ಸೇರಿದ ದಿನ ನೀನು ಅವಳಿಗೆ ಫೋನ್ ಮಾಡಿ, ಅಣ್ಣ ಸಿಂಹದ ಶೂಟಿಂಗಿಗೆ ಆಫ್ರಿಕಾಕ್ಕೆ ಹೋಗಿದ್ದಾನೆ, ಬರುವುದು ತಡ ಅಂದೆ. ಬೇರೆ ಯಾರಾದರೂ ಆಗಿದ್ದರೆ ನಿನ್ನನ್ನು ಅಡ್ಡಡ್ಡ ಪ್ರಶ್ನೆ ಕೇಳುತ್ತಿದ್ದರು. ಅಮ್ಮ ಮಾತ್ರ, ಕೊನೆಗೂ ನಿಜ ಒಪ್ಪಿಕೊಂಡಿರಲ್ಲ ಅಂದಳಂತೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಪುಟ್ಟಿ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಆದರೆ ನಾನು ವಾಪಸ್ ಬಂದೆನಲ್ಲ. ಆಫ್ರಿಕಾದಿಂದ ಬಂದ ಮಗ ಮೊದಲು "ಅಮ್ಮಾ" ಅನ್ನಬೇಕು. ಅನ್ನಲಾರದವನು ನನ್ನ ಮನೆಯಲ್ಲೇ ಕಳ್ಳನ ಹಾಗೆ ಓಡಾಡತೊಡಗಿದೆ. ಕಣ್ಣಿಲ್ಲದವರ ಕಿವಿ ಬಲು ಚುರುಕು. ನಡುಮನೆಯಲ್ಲಿ ಯಾರೋ ಗಂಡಸು ನಡೆಯುತ್ತಿದ್ದಾನಲ್ಲ ಎಂದು ಅಮ್ಮ ಕೇಳಿದಾಗ, ಕೌಸಲ್ಯ ಗಾಬರಿಯಲ್ಲಿ, ತನ್ನ ಚಿಕ್ಕಪ್ಪನ ಮಗ ಕಿಟ್ಟು, ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ ಬಂದಿದ್ದಾನೆ, ಅವನಿಗೆ ಮಾತು ಬರುವುದಿಲ್ಲ ಎಂದುಬಿಟ್ಟಳು. ಹೀಗೆ ನಾನು ಕಿಟ್ಟು ಆದೆ. ನೀರಿನ ಲೋಟ ಅವಳ ಕೈಗೆ ಕೊಡದೆ ಪಕ್ಕದಲ್ಲಿಟ್ಟು, ಸ್ಟೂಲಿನ ಮೇಲೆ ತಟ್ಟಿ ಸದ್ದು ಮಾಡುತ್ತಿದ್ದೆ. ಕೈ ತಗುಲಿದರೆ ಗುರುತು ಹಿಡಿದಾಳೆಂಬ ಹೆದರಿಕೆ. ದಿನಾ ಮಲಗುವ ಮುಂಚೆ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದವನು ನಾನು. ಈಗ ದೀಪಿಕಾ ತಿಕ್ಕುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಮ್ಮ ಮೊಮ್ಮಗಳಿಗೆ, ನಿಮ್ಮಪ್ಪನ ಕೈ ಬೆಚ್ಚಗಿರ್ತಿತ್ತು ಕಣೇ ಅನ್ನುತ್ತಿದ್ದಳು. ನನ್ನ ಎರಡು ಕೈಯನ್ನೂ ಕತ್ತರಿಸಿ ಹಾಕಿದ ಹಾಗಾಗುತ್ತಿತ್ತು.

ಮಧ್ಯಾಹ್ನ ಟಿವಿ ಮಾತ್ರ ತಪ್ಪುತ್ತಿರಲಿಲ್ಲ. ಹಳೆಯ ಕಂತುಗಳನ್ನೇ ತಿರುಗಿ ಮುರುಗಿ ಹಾಕುತ್ತಿದ್ದರು. ಅಮ್ಮನಿಗೆ ಅದು ಮಗನ ಸಮಾಚಾರ. ಇವತ್ತು ದನಿ ಸ್ವಲ್ಪ ಒಡೆದಿದೆ, ಅಲ್ಲಿ ಧೂಳು ಜಾಸ್ತಿ ಇರಬೇಕು ಅನ್ನುವಳು. ಇವತ್ತು ಗೆಲುವಾಗಿದ್ದಾನೆ, ಹೊಟ್ಟೆ ತುಂಬ ಉಂಡಿದ್ದಾನೆ ಅನ್ನುವಳು. ನಾನು ಅವಳ ಹಿಂದೆ ಗೋಡೆಗೆ ಒರಗಿ, ನನ್ನ ದನಿಯನ್ನು ನಾನೇ ಕೇಳುತ್ತಾ, ತುಟಿ ಅಲ್ಲಾಡಿಸುತ್ತಾ ನಿಲ್ಲುತ್ತಿದ್ದೆ. ದುಃಖ ಅನ್ನುವುದನ್ನು ನಾನು ಮೊದಲೂ ಕಂಡಿದ್ದೆ, ಆದರೆ ಇಂಥದ್ದನ್ನು ಕಂಡಿರಲಿಲ್ಲ.

ದೀಪಾವಳಿ ಕಳೆದ ಮೇಲಿನ ವಾರ ಇದೂ ಮುಗಿಯಿತು. ಸಿಂಹಗಳ ಹೊಸ ಕಂತು ಶುರುವಾಯಿತು, ದನಿ ಯಾರೋ ಹುಡುಗನದ್ದು. ಒಳ್ಳೆಯ ದನಿಯೇ, ಸುಳ್ಳು ಹೇಳಬಾರದು. ಅಮ್ಮ ಜಗಿಯುವುದನ್ನು ನಿಲ್ಲಿಸಿದಳು. ಇವನು ಯಾರು ಎಂದು ಕೇಳಿದಳು. ರಜೆಯ ಮೇಲಿರಬೇಕು ಎಂದು ಕೌಸಲ್ಯ ಸಮಾಧಾನ ಹೇಳಿದಳು. ಅಷ್ಟರಲ್ಲಿ ಟಿವಿಯಲ್ಲಿ ಸಿಂಹ ಗುಡುಗಿತು. ಅಮ್ಮ ಅತ್ತ ಮುಖ ಮಾಡಿ, "ಸಿಂಹ ಇಲ್ಲೇ ಐತಲ್ಲೇ. ನನ್ನ ಮಗ ಎಲ್ಲಿ?" ಅಂದಳು.

ಅವತ್ತು ರಾತ್ರಿ ಉಣ್ಣಲಿಲ್ಲ. ಮಾರನೆಯ ದಿನವೂ ಅದೇ ಹುಡುಗನ ದನಿ. ದೀಪಿಕಾ, ಅಪ್ಪ ಫೋನ್ ಮಾಡಿದ್ದರು ಎಂದಳು, ನನಗೆ ಯಾಕೆ ಕೊಡಲಿಲ್ಲ ಎಂದು ಅಮ್ಮ ಕೇಳಿದಳು. ಮೂರನೆಯ ದಿನ ಟಿವಿ ಹಾಕುವ ಹೊತ್ತಿಗೆ ಬೇಡವೆಂದು ಕೈ ಆಡಿಸಿದಳು. ಅಳಲಿಲ್ಲ. ಗೋಡೆ ಹಿಡಿದು ಎದ್ದು ನಿಂತು, ನನ್ನ ಕಡೆಗೇ ತಿರುಗಿ, "ಕಿಟ್ಟು, ಬಚ್ಚಲಿಗೆ ಕರ್ಕಂಡೋಗಪ್ಪ. ಯಾರೂ ಹೇಳ್ತಿಲ್ಲ, ನನಗೆ ಗೊತ್ತಾಗೈತೆ. ತಲೆ ಮೇಲೆ ನೀರು ಹಾಕ್ಕಬೇಕು" ಅಂದಳು.

ಸತ್ತ ಸುದ್ದಿ ಬಂದ ಮೇಲೆ ನಮ್ಮಲ್ಲಿ ಎಲ್ಲರೂ ಹಾಕಿಕೊಳ್ಳುವ ನೀರು. ಅಪ್ಪನಿಗೆ ಹಾಕಿಕೊಂಡೆವು, ದೊಡ್ಡಪ್ಪನಿಗೆ ಹಾಕಿಕೊಂಡೆವು. ಕೌಸಲ್ಯ ಅಡಿಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನಾನು ಕೈ ಕೊಡಲಿಲ್ಲ. ಅಮ್ಮ ತಾನೇ ತಡವುತ್ತಾ ಬಚ್ಚಲಿಗೆ ಹೋಗಿ, ಬಕೆಟ್ಟಿಗೆ ಚೊಂಬು ಅದ್ದಿ, ತಲೆಯ ಮೇಲಕ್ಕೆ ಎತ್ತಿದಳು. ಬದುಕಿರುವ ಮಗನ ಕಣ್ಣೆದುರು ಅವನ ಹೆಸರಿನ ನೀರು. ನೀನಾಗಿದ್ದರೆ ಏನು ಮಾಡುತ್ತಿದ್ದೆ ಸುಧಾ? ನಾನು ಓಡಿಹೋಗಿ ಆ ಚೊಂಬು ಹಿಡಿದುಕೊಂಡೆ. ಬಿಡು ಕಿಟ್ಟು, ಬಿಡಪ್ಪ ಅಂದಳು. ನಾನು ಬಿಡಲಿಲ್ಲ. ನೀರೆಲ್ಲ ನಮ್ಮಿಬ್ಬರ ಕಾಲ ಮೇಲೆ ಚೆಲ್ಲಿತು. ಅವಳ ಕೈ ಎಳೆದು ನನ್ನ ಮುಖದ ಮೇಲಿಟ್ಟುಕೊಂಡೆ.

ಹಣೆ ಮುಟ್ಟಿದಳು. ಚಿಕ್ಕಂದಿನಲ್ಲಿ ನೀನು ಬುಗುರಿ ಎಸೆದು ಮಾಡಿದ ಹುಬ್ಬಿನ ಗಾಯದ ಗುರುತು ಮುಟ್ಟಿದಳು. ಕಿವಿ ಹಿಡಿದಳು. "ಗುರು" ಅಂದಳು. ಮಾತಾಡು ಅಂದಳು, ಯಾಕೆ ಮಾತಾಡುತ್ತಿಲ್ಲ ಅಂದಳು. ಅವಳ ಬೆರಳು ಗಲ್ಲದಿಂದ ಕೆಳಗೆ ಇಳಿದು, ಬಟ್ಟೆ ಸರಿಸಿ, ಆ ತೂತಿನ ಅಂಚಿಗೆ ಬಂದು ನಿಂತಿತು. ಒಳಗಿಂದ ಬರುತ್ತಿದ್ದ ಉಸಿರು ಅವಳ ಬೆರಳಿಗೆ ತಾಗುತ್ತಿತ್ತು. ಅಪ್ಪನಿಗೆ ಆಪರೇಷನ್ ಮಾಡಿರಲಿಲ್ಲ, ಇಂಥ ತೂತನ್ನು ಅವಳು ಕಂಡೇ ಇರಲಿಲ್ಲ. ಬೆರಳು ತೆಗೆಯದೆಯೇ ಕೇಳಿದಳು:

"ಕತ್ತಿಗೇ ಬಾಯಿ ಹಾಕ್ತು ಏನ್ಲಾ ಸಿಂಹ?"

ಅವಳ ಇನ್ನೊಂದು ಕೈ ನನ್ನ ತಲೆಯ ಮೇಲಿತ್ತು. ನಾನು ಹೌದೆಂದು ತಲೆ ಆಡಿಸಿದೆ.

ಅವಳು ಬಚ್ಚಲ ಕಟ್ಟೆಯ ಮೇಲೆ ಕುಸಿದು ಕೂತು, ನನ್ನನ್ನೂ ಕೂರಿಸಿಕೊಂಡು, ಮಗುವನ್ನು ಹಿಡಿದ ಹಾಗೆ ಹಿಡಿದುಕೊಂಡು ಅತ್ತಳು. ನಾನೂ ಅತ್ತೆ. ನನ್ನ ಅಳುವಿಗೂ ಈಗ ದನಿಯಿಲ್ಲ, ಬರೀ ಗಾಳಿ. ಹತ್ತಿರ ಹೋಗಬೇಡ ಅಂತ ಬಡ್ಕೊಂಡೆ ಎಂದು ಅವಳು ಹೇಳುತ್ತಲೇ ಇದ್ದಳು. ಗಾಯಕ್ಕೆ ಅರಿಶಿನ ತಾ ಎಂದು ಕೌಸಲ್ಯನಿಗೆ ಹೇಳಿದಳು. ಅರಿಶಿನ ಬೇಡ, ಡಾಕ್ಟರು ಬೈತಾರೆ ಎಂದು ಅವಳನ್ನು ಒಪ್ಪಿಸುವಷ್ಟರಲ್ಲಿ ಸಂಜೆಯಾಯಿತು.

ಈಗ ಮನೆಗೆ ಬಂದವರಿಗೆಲ್ಲ ಅಮ್ಮ, ನನ್ನ ಮಗ ಸಿಂಹದ ಬಾಯಿಂದ ಬಿಡಿಸಿಕೊಂಡು ಬಂದವನು ಎಂದು ಹೇಳುತ್ತಾಳೆ. ಹಾಲಿನ ಚನ್ನವೀರಯ್ಯ ಕೇಳಿಸಿಕೊಂಡು ನನ್ನ ಮುಖ ನೋಡುತ್ತಾನೆ, ನಾನು ಅವನಿಗೂ ತಲೆ ಆಡಿಸುತ್ತೇನೆ. ಕಿಟ್ಟು ಯಾವಾಗ ಊರಿಗೆ ಹೋದ ಎಂದು ಅವಳು ಒಂದು ದಿನವೂ ಕೇಳಿಲ್ಲ. ಟಿವಿ ಹಾಕಲು ಬಿಡುವುದಿಲ್ಲ. ದೀಪಿಕಾ ಮೊಬೈಲಿನಲ್ಲಿ ನನ್ನ ಹಳೆಯ ಕಂತು ಹುಡುಕಿ, ಅಪ್ಪನ ದನಿ ಕೇಳಿಸಲೇ ಅಜ್ಜಿ ಎಂದರೆ, ಬೇಡ, ಇಲ್ಲೇ ಇದಾನಲ್ಲ ಅನ್ನುತ್ತಾಳೆ. ಎಣ್ಣೆ ತಿಕ್ಕುವ ಕೆಲಸ ಮತ್ತೆ ನನಗೇ ಬಂದಿದೆ. ತಿಕ್ಕುವಾಗ ಅವಳು ಮಾತಾಡುತ್ತಾಳೆ, ಹೌದಾದರೆ ನಾನು ಪಾದ ಒಂದು ಸಲ ಅದುಮುತ್ತೇನೆ, ಅಲ್ಲವಾದರೆ ಎರಡು ಸಲ. ಮೊನ್ನೆ, ಇನ್ನು ಯಾವತ್ತೂ ಅಲ್ಲಿಗೆ ಹೋಗಲ್ಲ ತಾನೇ ಅಂದಳು. ಒಂದು ಸಲ ಅದುಮಿದೆ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು, ಬಜ್ಜಿ ಕಡಿಮೆ ಮಾಡಲು ಹೇಳು. ಮಂಡಿಗೆ ಶಾಖ ಕೊಡುವುದನ್ನು ಬಿಡಬೇಡ. ನಿನಗೂ ಮಕ್ಕಳಿಗೂ ಅಮ್ಮ ಕೈಯೆತ್ತಿ ಹರಸಿದ್ದಾಳೆ, ಆ ಹರಕೆಯ ಜೊತೆ ನನ್ನದೂ ಸೇರಿಸಿಕೋ.

ನಿನ್ನ ಅಣ್ಣ,
ಗುರುಪ್ರಸಾದ್

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಕತ್ತಿನ ಎಡಕ್ಕೆ ಮತ್ತೆ ಗಂಟು ಬಂದಿದೆ. ಇನ್ನು ಆಪರೇಷನ್ ಮಾಡಿ ಉಪಯೋಗವಿಲ್ಲ ಎಂದು ಡಾಕ್ಟರು ಸೋಮವಾರ ಹೇಳಿದರು. ಕೌಸಲ್ಯನಿಗೆ ಗೊತ್ತು, ದೀಪಿಕಾಗೆ ಹೇಳಿಲ್ಲ. ಸಂಕ್ರಾಂತಿಗೆ ಬರುತ್ತೇನೆ ಅಂದಿದ್ದೀಯ, ಅಲ್ಲಿವರೆಗೆ ತಡ ಮಾಡಬೇಡ. ನಾನು ಹೋದ ದಿನ ಅಮ್ಮನಿಗೆ ಯಾವ ಊರಿನ ಹೆಸರನ್ನೂ ಹೇಳಬೇಡ, ಅವಳು ಕಾಯುತ್ತಾ ಕೂರುತ್ತಾಳೆ. ಅವಳ ಕೈಯನ್ನು ನನ್ನ ಮುಖದ ಮೇಲಿಡು. ಗೊತ್ತಾದ ಮೇಲೆ ನೀನೇ ಬಚ್ಚಲಿಗೆ ಕರೆದುಕೊಂಡು ಹೋಗು. ನೀರು ಬೆಚ್ಚಗಿರಲಿ ಪುಟ್ಟಿ, ಅವಳಿಗೆ ಥಂಡಿ ತಡೆಯುವುದಿಲ್ಲ.